ಉಪ್ಪುನೀರು ಬರುವ ಹೊತ್ತು

ಗೋಕರ್ಣಕ್ಕೆ ಶನಿವಾರ, ಭಾನುವಾರದ ಮಟ್ಟಿಗೆ ಹೋಗಿಬರುವವರು ಹೊರಡುವ ಮೊದಲು ಕ್ಯಾಲೆಂಡರಿನಲ್ಲಿ ತಿಥಿ ನೋಡಿಕೊಳ್ಳುವುದು ಒಳ್ಳೆಯದು. ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ಅದೇ ಹೇಳುತ್ತದೆ. ಉತ್ತರ ಕನ್ನಡದ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ ಬರುವುದು ಬೆಳಗಿನ ಹತ್ತು–ಹನ್ನೊಂದರ ಸುಮಾರಿಗೆ. ಸಂಜೆ ನಾಲ್ಕು–ಐದರ ಹೊತ್ತಿಗೆ ನೀರು ತೀರ ಕೆಳಗೆ ಹೋಗಿರುತ್ತದೆ. ಅಷ್ಟಮಿಯ ದಿನಗಳಲ್ಲಿ ಇದು ಹೆಚ್ಚುಕಡಿಮೆ ತಿರುವುಮುರುವು, ಏರಿಳಿತದ ಅಂತರವೂ ಕಡಿಮೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇವತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಮೀನು ಹಿಡಿಯುವವರು, ಉಪ್ಪು ತೆಗೆಯುವವರು, ಗದ್ದೆಯ ಒಡ್ಡು ಕಾಯುವವರು ಇದನ್ನು ಗಡಿಯಾರ ನೋಡದೆ ಹೇಳುತ್ತಾರೆ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಶುಕ್ರವಾರ ರಾತ್ರಿ ಬಸ್ಸು ಹತ್ತುವ ನಮಗೆ ಮಾತ್ರ ಕಡಲು ಹಗಲಿರುಳೂ ಒಂದೇ ತರಹದ ನೀರು. ಹೀಗೆ ತಿಳಿದಿರುವುದರಿಂದ ಕೆಲವರು ಜೀವವನ್ನೇ ಕಳೆದುಕೊಳ್ಳುತ್ತಾರೆ. ಉಳಿದವರು ಗೋಕರ್ಣದ ಅರ್ಧಭಾಗವನ್ನು ನೋಡದೆಯೇ ವಾಪಸಾಗುತ್ತಾರೆ.

ಶಿವರಾತ್ರಿಯ ಜನಜಂಗುಳಿ ಕರಗಿ, ಹೋಳಿ ಹುಣ್ಣಿಮೆ ಹತ್ತಿರ ಬಂದಿದ್ದ ಒಂದು ವಾರಾಂತ್ಯ ಗೆಳೆಯನೊಬ್ಬನ ಜೊತೆ ಅಲ್ಲಿಗೆ ಹೋಗಿದ್ದೆ. ಅವನು ಮುಧೋಳ ಕಡೆಯ ರೈತ ಮನೆತನದವನು. ಬೆಂಗಳೂರಿನಲ್ಲಿ ನೌಕರಿ, ಊರಿನಲ್ಲಿ ಅಣ್ಣಂದಿರು ನೋಡಿಕೊಳ್ಳುವ ಕಬ್ಬಿನ ಹೊಲ. ಕಡಲ ದಂಡೆಯಲ್ಲಿ ಸುಮ್ಮನೆ ಕೂತುಬರೋಣ ಎಂದೇ ಹೊರಟವರು. ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿದು ಬೆಳಿಗ್ಗೆ ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿದು, ಆಟೋದಲ್ಲಿ ಊರಿನ ಕಡೆ ಹೊರಟಾಗ ಅವನ ಕಣ್ಣಿಗೆ ಮೊದಲು ಬಿದ್ದದ್ದು ಕಡಲಲ್ಲ, ರಸ್ತೆ ಪಕ್ಕದ ಸಾಣಿಕಟ್ಟಾದ ಉಪ್ಪಿನ ಆಗರ. ಬಿಸಿಲಿಗೆ ಹೊಳೆಯುವ ಚೌಕ ಚೌಕ ಮಡಿಗಳು, ಅವುಗಳ ಬದುವಿನ ಮೇಲೆ ಬಿಳಿಯ ಗುಪ್ಪೆಗಳು. ಆಟೋ ನಿಲ್ಲಿಸಿದ. ಇಳಿದು ಸ್ವಲ್ಪ ಹೊತ್ತು ನೋಡಿದವನು, "ನಮ್ಮ ಹೊಲದಾಗೂ ಹಿಂಗ ಬೆಳ್ಳಗ ಉಪ್ಪು ಏಳತೈತಿ. ಇಲ್ಲಿ ಬೇಕಂತ ಮಾಡ್ತಾರ, ನಮಗ ಬ್ಯಾಡಂದ್ರೂ ಬರತೈತಿ" ಅಂದ. ಆ ಎರಡು ದಿನದ ತಿರುಗಾಟ ಯಾವ ದಿಕ್ಕು ಹಿಡಿಯಬೇಕೆಂಬುದು ಅಲ್ಲಿಯೇ ತೀರ್ಮಾನವಾಯಿತು.

ಮೊದಲು ಊರಿನ ನೆಲೆ ತಿಳಿದುಕೊಳ್ಳಬೇಕು. ಗೋಕರ್ಣದ ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ ಕಡಲು ಸೇರುತ್ತವೆ. ನಡುವಿನ ಭೂಮಿಯ ಅಂಚಿಗೆ ಚಿರೆಕಲ್ಲಿನ ಗುಡ್ಡಗಳು ನೀರಿನೊಳಕ್ಕೆ ಮೂಗು ಚಾಚಿವೆ. ಗಟ್ಟಿ ಕಲ್ಲಿರುವಲ್ಲಿ ಭೂಶಿರ, ಅದರ ಮಗ್ಗುಲಲ್ಲಿ ಅಲೆ ಕೊರೆದು ಮರಳು ತುಂಬಿದ ಕೊಲ್ಲಿ. ಮಹಾಬಲೇಶ್ವರ ದೇವಸ್ಥಾನದ ಮುಂದಿನ ಉದ್ದನೆಯ ದಂಡೆಯನ್ನು ಬಿಟ್ಟು ರಾಮತೀರ್ಥದ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಮತ್ತೊಂದು ಗುಡ್ಡ ದಾಟಿದರೆ ಓಂ, ಆಮೇಲೆ ಹಾಫ್ ಮೂನ್, ಪ್ಯಾರಡೈಸ್. ಒಂದೊಂದು ದಂಡೆಗೂ ಎರಡು ಬದಿಯಲ್ಲಿ ಬಂಡೆ. ಈ ಆಕಾರವೇ ಅವುಗಳ ಚೆಲುವು, ಅಪಾಯವೂ ಅದರಲ್ಲೇ ಇದೆ.

ಅಲೆ ದಡಕ್ಕೆ ನೀರು ತಂದು ಸುರಿಯುತ್ತಲೇ ಇರುತ್ತದೆ. ಬಂದ ನೀರು ಎಲ್ಲಿಂದಾದರೂ ಹಿಂದಕ್ಕೆ ಹೋಗಲೇಬೇಕು. ಮರಳಿನ ದಿಬ್ಬಗಳ ನಡುವೆ ಎಲ್ಲಿ ತಗ್ಗಿದೆಯೋ, ಎಲ್ಲಿ ಬಂಡೆಯ ಮಗ್ಗುಲು ಸಿಗುತ್ತದೆಯೋ ಅಲ್ಲಿ ಒಟ್ಟಾಗಿ, ಕಿರಿದಾದ ಹರಿವಾಗಿ ಅದು ಕಡಲಿನತ್ತ ನುಗ್ಗುತ್ತದೆ. ತಗ್ಗಿನಲ್ಲಿ ನೀರು ಆಳವಾಗಿರುವುದರಿಂದ ಅಲೆ ಅಲ್ಲಿ ಒಡೆಯುವುದಿಲ್ಲ. ನೊರೆ ಇರುವುದಿಲ್ಲ, ನೀರಿನ ಬಣ್ಣ ತುಸು ಕಪ್ಪಗೆ. ದಡದಿಂದ ನೋಡುವವರಿಗೆ ಇಡೀ ದಂಡೆಯಲ್ಲಿ ಅದೊಂದೇ ಶಾಂತವಾದ ಜಾಗ. ಅಲೆಗೆ ಅಂಜುವವರು, ಮಕ್ಕಳನ್ನು ಕರೆತಂದವರು ಹುಡುಕಿಕೊಂಡು ಹೋಗುವುದೂ ಅಂಥ ಜಾಗಕ್ಕೇ. ನಿಂತ ಮರಳು ಕಾಲಡಿಯಿಂದ ಜಾರಿ ನೆಲ ಸಿಗದೆ ಹೋದಾಗಲೇ ಅದರ ಸೆಳೆತ ಗೊತ್ತಾಗುವುದು.

ಈ ಸೆಳೆತ ಕಾಲು ಹಿಡಿದು ಕೆಳಕ್ಕೆ ಎಳೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದು ಕೆಳಕ್ಕೆ ಎಳೆಯುವುದಿಲ್ಲ, ದಡದಿಂದ ಆಚೆಗೆ ಒಯ್ಯುತ್ತದೆ, ಅಲೆಗಳು ಒಡೆಯುವ ಗೆರೆ ದಾಟಿದ ಮೇಲೆ ಸಾಮಾನ್ಯವಾಗಿ ಸಡಿಲಾಗುತ್ತದೆ. ಜೀವ ಹೋಗುವುದು ದಣಿವಿನಿಂದ. ಜೋರಿದ್ದಾಗ ಅದರ ವೇಗ ಸೆಕೆಂಡಿಗೆ ಎರಡು ಮೀಟರ್ ಮುಟ್ಟಬಲ್ಲದು. ನುರಿತ ಈಜುಗಾರನೂ ಅದಕ್ಕೆ ಎದುರಾಗಿ ಹೆಚ್ಚು ಹೊತ್ತು ಈಜಲಾರ. ಗಾಬರಿಯಲ್ಲಿ ನೇರವಾಗಿ ದಡದತ್ತ ಕೈ ಬಡಿಯುವವನು ಇದ್ದಲ್ಲೇ ಇದ್ದು ಸೋತುಹೋಗುತ್ತಾನೆ. ಅಂಗಾತ ತೇಲಿ ಉಸಿರು ಉಳಿಸಿಕೊಳ್ಳಬೇಕು, ಒಂದು ಕೈ ಎತ್ತಿ ಸನ್ನೆ ಮಾಡಬೇಕು. ಈಜು ಬಲ್ಲವನಾದರೆ ದಂಡೆಗೆ ಸಮಾನಾಂತರವಾಗಿ ಸರಿದು, ಹರಿವಿನಿಂದ ಹೊರಬಿದ್ದ ಮೇಲೆ, ಅಲೆ ಒಡೆಯುವ ಕಡೆಯಿಂದ ದಡಕ್ಕೆ ಬರಬೇಕು. ನೊರೆಯೇಳುವ ಅಲೆ ದಡದತ್ತ ತಳ್ಳುತ್ತದೆ. ನೋಡಲು ಭಯಂಕರವಾದದ್ದೇ ಅಲ್ಲಿ ಸಹಾಯಕ್ಕೆ ಬರುವುದು.

ಇಲ್ಲಿ ತಿಥಿಯ ಮಾತು ಮತ್ತೆ ಬರುತ್ತದೆ. ಇಳಿತದ ಹೊತ್ತಿನಲ್ಲಿ ದಿಬ್ಬಗಳ ಮೇಲೆ ನೀರು ತೆಳುವಾಗಿ, ಹಿಂದಿರುಗುವ ನೀರೆಲ್ಲ ತಗ್ಗುಗಳಲ್ಲೇ ಹಾಯಬೇಕಾದ್ದರಿಂದ ಸೆಳೆತ ಸಾಮಾನ್ಯವಾಗಿ ಬಲವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಿನ ವಾರಾಂತ್ಯದಲ್ಲಿ ದೊಡ್ಡ ಇಳಿತ ಬೀಳುವುದು ಸಂಜೆ ನಾಲ್ಕು–ಐದಕ್ಕೆ, ಅಂದರೆ ಸೂರ್ಯಾಸ್ತ ನೋಡಲು ಜನ ದಂಡೆಗೆ ಬಂದು, ಬಿಸಿಲು ತಗ್ಗಿತೆಂದು ನೀರಿಗೆ ಇಳಿಯುವ ಹೊತ್ತಿಗೇ. ಜೀವರಕ್ಷಕರು ಸೀಟಿ ಊದಿ ಬಂಡೆಯ ಪಕ್ಕದಿಂದ ಜನರನ್ನು ಎಬ್ಬಿಸುವುದನ್ನು ಕುಡ್ಲೆಯಲ್ಲಿ ಕೂತು ನೋಡಿದೆವು. ಬಹಳ ಮಂದಿ ಅದನ್ನು ಪೊಲೀಸರ ದರ್ಪವೆಂಬಂತೆ ತೆಗೆದುಕೊಂಡು ಗೊಣಗುತ್ತಾರೆ. ನನ್ನ ಗೆಳೆಯ ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಈಜು ಕಲಿತು, ಘಟಪ್ರಭೆಯ ಕಾಲುವೆಯಲ್ಲಿ ಹಾರಿ ಬೆಳೆದವನು. ಬಾವಿಯ ನೀರು ನಿಂತ ನೀರು, ಅಲ್ಲಿ ದಡವೆಂಬುದು ಕೈಗೆಟಕುವ ದೂರದಲ್ಲಿರುತ್ತದೆ. ಆ ಧೈರ್ಯವನ್ನು ಕಡಲಿಗೆ ಒಯ್ಯಬಾರದು ಎಂದು ಅವನೇ ಹೇಳಿ, ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ಬಂದ. ಒಳನಾಡಿನಿಂದ ಬರುವ ಹುಡುಗರಿಗೆ ಈ ಒಂದು ಮಾತನ್ನು ಶಾಲೆಯಲ್ಲೇ ಹೇಳಿಕೊಡಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಪ್ರತಿ ವರ್ಷ ಪತ್ರಿಕೆಯಲ್ಲಿ ಅವರ ಹೆಸರು ಓದುವುದು ಸಂಕಟದ ಕೆಲಸ.

ದಂಡೆಗಳ ಬಗ್ಗೆ ಬೇರೆ ಹೇಳಬೇಕಾದ್ದು ಹೆಚ್ಚಿಲ್ಲ. ಗುಡ್ಡದ ಅಂಚಿನ ಚಿರೆಕಲ್ಲು ಬೇಸಿಗೆಯಲ್ಲೂ ಉದುರುತ್ತದೆ, ಅಲ್ಲಿ ಫೋಟೊಕ್ಕಾಗಿ ನಿಲ್ಲಬಾರದು. ನಡೆದೇ ಹೋಗುವವರು ನೀರು ಒಯ್ಯಬೇಕು.

ಭಾನುವಾರ ನಾವು ಕಡಲಿಗೆ ಬೆನ್ನು ಹಾಕಿದೆವು. ಮೊದಲು ಹೋದದ್ದು ಸಾಣಿಕಟ್ಟಾಕ್ಕೆ. ಅಘನಾಶಿನಿಯ ಅಳಿವೆಯ ಒಂದು ಕವಲು ಭೂಮಿಯೊಳಕ್ಕೆ ಚಾಚಿರುವ ಜಾಗ ಅದು. ದೊಡ್ಡ ಉಬ್ಬರ ಬಂದಾಗ ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡು ಬಾಗಿಲು ಹಾಕುತ್ತಾರೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ. ಅದನ್ನು ಒಂದು ಕೆರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಸಣ್ಣ ಮಡಿಗಳಿಗೆ ಸಾಗಿಸುತ್ತ ಬಿಸಿಲಿಗೂ ಗಾಳಿಗೂ ಒಣಗಿಸುವುದೇ ಇಡೀ ಕೆಲಸ. ಕೇಳುವುದಕ್ಕೆ ಸುಲಭ. ಆದರೆ ಕಡಲ ನೀರಿನಲ್ಲಿರುವುದು ಒಂದೇ ಲವಣವಲ್ಲ. ನೀರು ಗಟ್ಟಿಯಾಗುತ್ತ ಹೋದಂತೆ ಮೊದಲು ಸುಣ್ಣದ ಅಂಶ, ಜಿಪ್ಸಂ ತಳಕ್ಕೆ ಕೂರುತ್ತವೆ. ಮೊದಲಿದ್ದ ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿದ ಮೇಲೆ ಅಡುಗೆಯ ಉಪ್ಪು ಹರಳುಗಟ್ಟತೊಡಗುತ್ತದೆ. ಕೊನೆಗೆ ಉಳಿಯುವ ಕಹಿ ನೀರಿನಲ್ಲಿ ಮೆಗ್ನೀಸಿಯಂ ಲವಣಗಳಿರುತ್ತವೆ, ಅದನ್ನು ಹೊರಗೆ ಬಿಡದಿದ್ದರೆ ಉಪ್ಪು ಕಹಿಯಾಗಿ, ಬೇಗ ನೀರೊಡೆಯುತ್ತದೆ. ಯಾವ ಮಡಿಯ ನೀರನ್ನು ಯಾವಾಗ ಮುಂದಕ್ಕೆ ಬಿಡಬೇಕು, ಯಾವಾಗ ಎಳೆಯಬೇಕು ಎಂಬುದರಲ್ಲೇ ಉಪ್ಪಿನ ರುಚಿಯೂ ಬಣ್ಣವೂ ಇದೆ. ಮಳೆಗಾಲ ಕಳೆದು ಮಡಿ ಒಣಗಿ, ತುಳಿದು ಗಟ್ಟಿ ಮಾಡಿ, ಉಪ್ಪು ಕಾಣುವ ಹೊತ್ತಿಗೆ ವರ್ಷ ತಿರುಗಿರುತ್ತದೆ. ಮೇ ತಿಂಗಳಲ್ಲಿ ಒಂದು ದೊಡ್ಡ ಅಡ್ಡಮಳೆ ಬಿದ್ದರೆ ಮಡಿಯಲ್ಲಿದ್ದದ್ದೆಲ್ಲ ಕರಗಿಹೋಗುತ್ತದೆ.

ಈ ಕರಾವಳಿಗೆ ಉಪ್ಪು ಬರೀ ವ್ಯಾಪಾರವಾಗಿ ಉಳಿದಿರಲಿಲ್ಲ. ದಂಡಿಯ ಸತ್ಯಾಗ್ರಹ ನಡೆದ ವಾರದ ಬೆನ್ನಿಗೇ, 1930ರ ಏಪ್ರಿಲ್ 13ರಂದು, ಗಂಗಾವಳಿಯ ಆಚೆಗಿನ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಜನ ಉಪ್ಪಿನ ಕಾಯ್ದೆ ಮುರಿದರು. ಅಂಕೋಲೆಯನ್ನು ಕರ್ನಾಟಕದ ಬಾರ್ಡೋಲಿ ಎಂದು ಕರೆಯುವುದು ಅಂದಿನ ಹೋರಾಟಗಳ ನೆನಪಿಗೆ.

ಸಾಣಿಕಟ್ಟಾದಿಂದ ತದಡಿಯ ಕಡೆ ಬಂದರೆ ಅಘನಾಶಿನಿ ಅಗಲವಾಗಿ ತೆರೆದುಕೊಳ್ಳುತ್ತದೆ. ಶಿರಸಿಯ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಇಲ್ಲಿಗೆ ಬರುವ ಈ ಹೊಳೆಗೆ ಅಣೆಕಟ್ಟಿಲ್ಲ. ಪಶ್ಚಿಮಕ್ಕೆ ಹರಿಯುವ ನಮ್ಮ ನದಿಗಳಲ್ಲಿ ಇದು ಈಗ ಅಪರೂಪ. ಅಣೆಕಟ್ಟಿಲ್ಲದ್ದರಿಂದ ಮಳೆಗಾಲದ ಸಿಹಿನೀರೂ ಹೂಳೂ ತಡೆಯಿಲ್ಲದೆ ಅಳಿವೆಗೆ ಬರುತ್ತವೆ; ಬೇಸಿಗೆಯಲ್ಲಿ ಹೊಳೆ ಬಡವಾದಾಗ ಉಪ್ಪುನೀರು ಒಳಗಿನವರೆಗೆ ಏರುತ್ತದೆ. ಒಂದೇ ಜಾಗ ವರ್ಷದ ಒಂದು ಭಾಗ ಸಿಹಿ, ಇನ್ನೊಂದು ಭಾಗ ಉಪ್ಪು. ಈ ಎರಡು ನೀರನ್ನೂ ದುಡಿಸಿಕೊಂಡ ಬೇಸಾಯವೇ ಗಜನಿ.

ಅಳಿವೆಯ ಅಂಚಿನ ತಗ್ಗು ಗದ್ದೆಗಳಿಗೆ ಇಲ್ಲಿ ಗಜನಿ ಎನ್ನುತ್ತಾರೆ. ಸುತ್ತಲೂ ಮಣ್ಣಿನ ಒಡ್ಡು, ಒಡ್ಡಿನಲ್ಲಿ ಹಲಗೆಯ ಬಾಗಿಲಿರುವ ತೂಬು. ಮುಂಗಾರು ಬಿದ್ದು ಹೊಳೆನೀರು ಹರಿದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತ ಎರಚುತ್ತಾರೆ. ಕಗ್ಗ ಉಪ್ಪನ್ನು ತಾಳುತ್ತದೆ, ನೆರೆಯಲ್ಲಿ ಮುಳುಗಿದರೂ ಕೆಲವು ದಿನ ಸಾಯದೆ ಎದ್ದುಬರುತ್ತದೆ, ನೀರಿನ ಮಟ್ಟಕ್ಕಿಂತ ಮೇಲೆ ನಿಲ್ಲುವಷ್ಟು ಎತ್ತರ ಬೆಳೆಯುತ್ತದೆ. ಗೊಬ್ಬರ ಹಾಕುವುದಿಲ್ಲ, ಔಷಧ ಹೊಡೆಯುವುದಿಲ್ಲ. ಅಕ್ಟೋಬರ್–ನವೆಂಬರಿನಲ್ಲಿ ತೆನೆಯಷ್ಟನ್ನೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ತೂಬು ತೆರೆದು ಉಪ್ಪುನೀರು ಒಳಗೆ ಬಿಡುತ್ತಾರೆ. ನೀರಿನ ಜೊತೆ ಸಿಗಡಿ, ಏಡಿ, ಮೀನಿನ ಮರಿಗಳು ಬರುತ್ತವೆ. ಕೊಳೆಯುವ ಹುಲ್ಲು ಅವುಗಳಿಗೆ ಮೇವು, ಅವುಗಳ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ. ನಾವು ಹೋದಾಗ ಗದ್ದೆಯೆಂದು ಯಾರೂ ಹೇಳಲಾರದಂತೆ ನೀರು ತುಂಬಿ ನಿಂತಿತ್ತು.

ಗೆಳೆಯ ಅಲ್ಲಿ ಸಿಕ್ಕ ರೈತರೊಬ್ಬರನ್ನು ಬಿಡದೆ ವಿಚಾರಿಸಿದ.

"ನಾಯ್ಕರ, ಉಪ್ಪುನೀರು ಬೇಕಂತ ಒಳಗ ಬಿಡ್ತೀರಿ ಅಂದ್ರ ಭೂಮಿ ಕೆಡಂಗಿಲ್ಲೇನ್ರಿ?"

"ಮಳೆಗಾಲ್ದಲ್ಲಿ ಹೊಳೆ ನೀರು ಬಂದು ತೊಳ್ಕಂಡು ಹೋತದಲ್ರಾ. ಒಡ್ಡು ಗಟ್ಟಿ ಇರ್ಬೇಕು, ಅಷ್ಟೇ. ಭತ್ತ ನಿಂತಾಗ ಅಮಾಸೆ ನೀರಿಗೆ ಒಡ್ಡು ಒಡೀತು ಅಂದ್ರೆ ಎಲ್ಲಾ ಹೋತು."

ಅವನ ಪ್ರಶ್ನೆಯ ಹಿಂದೆ ಅವನ ಮನೆಯ ಕಥೆಯಿತ್ತು. ಘಟಪ್ರಭಾ, ಕೃಷ್ಣಾ, ಮಲಪ್ರಭಾ ಕಾಲುವೆಗಳು ಬಂದ ಮೇಲೆ ಆ ಭಾಗದ ಎರೆಮಣ್ಣಿನ ಹೊಲಗಳಲ್ಲಿ ಕಬ್ಬು ಬಂತು, ಹಣವೂ ಬಂತು. ಬಸಿದುಹೋಗಲು ದಾರಿಯಿಲ್ಲದ ಎರೆಮಣ್ಣಿಗೆ ನೀರು ಬಿಡುತ್ತಲೇ ಹೋದಾಗ ನೆಲದಡಿಯ ನೀರಿನ ಮಟ್ಟ ಮೇಲೇರಿತು. ಮಣ್ಣಿನ ಸಣ್ಣ ಸಂದುಗಳಲ್ಲಿ ಅದು ಮೇಲಕ್ಕೆ ಹೀರಿಕೊಂಡು ಬಂದು ಬಿಸಿಲಿಗೆ ಆರಿ, ತನ್ನೊಳಗಿನ ಲವಣವನ್ನು ನೆಲದ ಮೇಲೆ ಬಿಟ್ಟಿತು. ಸವಳು–ಜವಳು ಅನ್ನುವುದು ಇದಕ್ಕೇ. ಕಬ್ಬು ಹಳದಿಯಾಯಿತು, ಆಮೇಲೆ ಮೊಳಕೆಯೇ ಬರದ ಹೊಲಗಳಾದವು. ಅವನ ಅಣ್ಣಂದಿರು ಒಂದು ತುಂಡು ಭೂಮಿಯನ್ನು ಹಾಗೇ ಕೈಬಿಟ್ಟಿದ್ದಾರೆ. ಕಡಲಿನಿಂದ ಅಷ್ಟು ದೂರದಲ್ಲಿ, ಸಿಹಿನೀರಿನಿಂದಲೇ ಉಪ್ಪಾದ ಭೂಮಿ ಅದು. ಇಲ್ಲಿ ಕಡಲ ಬಾಯಲ್ಲಿ ಉಪ್ಪುನೀರು ಕುಡಿದ ಭೂಮಿ ತಲೆಮಾರುಗಳಿಂದ ಭತ್ತ ಕೊಡುತ್ತಿದೆ. ಗಜನಿಯಲ್ಲಿ ನೀರು ಬರುವುದಕ್ಕೂ ಹೋಗುವುದಕ್ಕೂ ಬಾಗಿಲಿದೆ, ದಿನಕ್ಕೆ ಎರಡು ಬಾರಿ ಇಳಿತ ಅದನ್ನು ಹೊರಗೆ ಎಳೆಯುತ್ತದೆ. ಕಾಲುವೆ ಕೆಳಗಿನ ಹೊಲಕ್ಕೆ ಬರುವ ದಾರಿಯನ್ನಷ್ಟೇ ಕಟ್ಟಿಕೊಟ್ಟರು.

ಮಧ್ಯಾಹ್ನ ಪರಿಚಯದವರೊಬ್ಬರ ಮನೆಯಲ್ಲಿ ಕಗ್ಗದ ಕೆಂಪಕ್ಕಿ ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ. ಊರಿನ ಹೋಟೆಲುಗಳಲ್ಲಿ ಇಸ್ರೇಲಿ ತಿಂಡಿಯೂ ಸಿಗುತ್ತದೆ, ಕಗ್ಗ ಸಿಗುವುದು ಕಷ್ಟ. ಇದು ನನಗೆ ಬೇಸರದ ವಿಷಯ. ಅಪ್ಪೆಮಿಡಿ ಮರಗಳು ಬೆಳೆಯುವುದು ಇದೇ ಅಘನಾಶಿನಿಯಂಥ ಹೊಳೆಗಳ ಮೇಲ್ದಂಡೆಯ ಕಾಡಿನಲ್ಲಿ. ಮಿಡಿ ಇಳಿಯುವುದೂ ಸಾಣಿಕಟ್ಟಾದ ಮಡಿಗಳಲ್ಲಿ ಹೊಸ ಉಪ್ಪು ಕಾಣುವುದೂ ಒಂದೇ ಕಾಲಕ್ಕೆ. ಘಟ್ಟದ ಮೇಲಿನ ಮನೆಗಳಲ್ಲಿ ಮಿಡಿ ಉಪ್ಪಿಗೆ ಹಾಕಲು ಈ ಕಲ್ಲುಪ್ಪನ್ನೇ ಕೇಳಿ ತರಿಸುವುದುಂಟು. ಹೊಳೆಯ ತಲೆಯಲ್ಲಿ ಬೆಳೆದದ್ದೂ ಬಾಯಲ್ಲಿ ಬೆಳೆದದ್ದೂ ಜಾಡಿಯಲ್ಲಿ ಕೂಡುತ್ತವೆ. ಮೀನು ತಿನ್ನದ ಗೆಳೆಯನಿಗೆ ಕರಾವಳಿಯ ಊಟವೆಂದು ಸಿಕ್ಕಿದ್ದು ಅದು, ಮೂರು ಸಲ ಬಡಿಸಿಕೊಂಡ.

ಸಂಜೆ ಇಳಿತದ ಹೊತ್ತಿಗೆ ತದಡಿಯ ಎದುರು ಹೊಳೆಯ ನಡುವೆ ನೆಲ ಎದ್ದಿತ್ತು. ಬೆಳಿಗ್ಗೆ ದೋಣಿ ಓಡಾಡಿದ ಜಾಗದಲ್ಲಿ ಹೆಂಗಸರೂ ಗಂಡಸರೂ ಸೊಂಟ ಬಗ್ಗಿಸಿ ಕೆಸರಿನಿಂದ ಬಳಚು ಆರಿಸುತ್ತಿದ್ದರು. ನೀರು ಮತ್ತೆ ಏರುವವರೆಗಿನ ಕೆಲವೇ ತಾಸು ಅವರ ಕೆಲಸದ ಅವಧಿ. ಸಾಲವಿಲ್ಲದೆ, ದೋಣಿಯಿಲ್ಲದೆ, ಬಲೆಯಿಲ್ಲದೆ ದುಡಿಯಬಹುದಾದ ಕಸುಬು ಇದೊಂದೇ ಎಂದು ಬುಟ್ಟಿ ತುಂಬಿಕೊಂಡು ದಡಕ್ಕೆ ಬಂದ ಅಕ್ಕ ಒಬ್ಬರು ಹೇಳಿದರು. ಈ ಚಿಪ್ಪಿನ ಜೀವಿಗಳಿಗೆ ಸಿಹಿಯೂ ಉಪ್ಪೂ ಹದವಾಗಿ ಬೆರೆತ ನೀರು ಬೇಕು, ಮೆತ್ತನೆಯ ತಳ ಬೇಕು. ಎರಡರಲ್ಲಿ ಒಂದು ಕೆಟ್ಟರೂ ಅವು ಮಾಯವಾಗುತ್ತವೆ.

ಕೆಡಿಸಬಹುದಾದ ಯೋಜನೆಗಳು ಬಾರದೆ ಹೋಗಿಲ್ಲ. 2000ರ ದಶಕದಲ್ಲಿ ತದಡಿಗೆ 4000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಿತ್ತು. ಇಲ್ಲಿನ ಮೀನುಗಾರರು, ರೈತರು, ಘಟ್ಟದ ಮೇಲಿನ ಪರಿಸರ ಹೋರಾಟಗಾರರು ಒಟ್ಟಾಗಿ ವಿರೋಧಿಸಿದರು, ಅದು ನಿಂತಿತು. ದೊಡ್ಡ ಬಂದರಿನ ಮಾತು ಆಮೇಲೂ ಕೇಳಿಬಂತು. 2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮನ್ನಣೆ ಅದು. ಆ ಮನ್ನಣೆ ಒಡ್ಡು ಕಟ್ಟಿಕೊಡುವುದಿಲ್ಲ. ಊರಿನ ಮನೆಗಳೆಲ್ಲ ಸೇರಿ ಮಣ್ಣು ಹೊತ್ತು ಒಡ್ಡು ನಿಲ್ಲಿಸುತ್ತಿದ್ದ ಕಾಲ ಹೋಗಿ, ಯುವಕರು ಗೋವೆ, ಬೆಂಗಳೂರು ಸೇರಿದ ಮೇಲೆ ಬಹಳ ಗಜನಿಗಳಲ್ಲಿ ಭತ್ತ ನಿಂತು ಸಿಗಡಿಯಷ್ಟೇ ಉಳಿದಿದೆ. ಮಾಣಿಕಟ್ಟಾದಂಥ ಕಡೆ ರೈತರು ಸಂಘ ಕಟ್ಟಿಕೊಂಡು, ಬೇರೆ ಬೇರೆ ಮನೆಗಳ ಗದ್ದೆಗಳನ್ನು ಒಟ್ಟಿಗೇ ಬಿತ್ತಿ ಕಗ್ಗವನ್ನು ಉಳಿಸಿಕೊಂಡಿದ್ದಾರೆ. ಸರ್ಕಾರದ ನೆರವು ಮೊದಲು ಹೋಗಬೇಕಾದ್ದು ಇಂಥವರ ಒಡ್ಡಿಗೆ.

ರಾತ್ರಿ ಬಸ್ಸಿಗೆ ಕಾಯುತ್ತ ಗೆಳೆಯ ಕೇಳಿದ್ದು ಒಂದೇ ಪ್ರಶ್ನೆ: ಕಗ್ಗದ ಬೀಜ ಒಯ್ದು ತನ್ನ ಸವಳು ಹೊಲದಲ್ಲಿ ಹಾಕಿದರೆ ಬಂದೀತೇ? ಬಾರದು. ಕಗ್ಗಕ್ಕೆ ಉಪ್ಪು ತಾಳುವ ಗುಣವಿದ್ದರೂ ಅದು ನಿಂತ ನೀರಿನ ಬೆಳೆ, ಅದಕ್ಕೆ ಮೊದಲು ಮಳೆ ಬಂದು ಮಣ್ಣು ತೊಳೆಯಬೇಕು. ಮುಧೋಳದ ಮಳೆ ಅದಕ್ಕೆ ಸಾಲದು. ಆದರೆ ಇಂಥ ತಳಿಗಳ ಗುಣವನ್ನು ಬೇರೆ ಭತ್ತಕ್ಕೆ ಸೇರಿಸುವ ಕೆಲಸ ಆಗಿದೆ. ಕೇರಳದ ಪೊಕ್ಕಾಳಿ ಕಗ್ಗದಂತೆಯೇ ಉಪ್ಪುಗದ್ದೆಯ ಭತ್ತ. ಅದರಲ್ಲಿ ಗುರುತಿಸಿದ 'ಸಾಲ್ಟೋಲ್' ಎಂಬ ವಂಶವಾಹಿ ಭಾಗವನ್ನು ಬಳಸಿ ವಿಜ್ಞಾನಿಗಳು ಉಪ್ಪು ತಾಳುವ ತಳಿಗಳನ್ನು ರೂಪಿಸಿದ್ದಾರೆ. ಅವನ ಹೊಲಕ್ಕೆ ಬೇಕಾದ್ದು ನೆಲದಡಿಯಲ್ಲಿ ರಂಧ್ರವಿರುವ ಪೈಪು ಹೂತು ನೀರು ಹೊರಹಾಕುವ ಬಸಿಗಾಲುವೆ, ಅದೂ ಅಕ್ಕಪಕ್ಕದ ಹೊಲದವರೆಲ್ಲ ಒಪ್ಪಿ ಒಟ್ಟಿಗೆ ಹಾಕಿಸಿದರೆ ಮಾತ್ರ. ಒಬ್ಬನ ಹೊಲದ ನೀರು ಇನ್ನೊಬ್ಬನ ಹೊಲ ದಾಟಿಯೇ ಹಳ್ಳ ಸೇರಬೇಕು. ಅಣ್ಣನಿಗೆ ಅಲ್ಲಿಂದಲೇ ಫೋನು ಹಚ್ಚಿದ.

ಗಜನಿಯಲ್ಲಿ ಭತ್ತ ನೋಡಬೇಕೆನ್ನುವವರು ಆಗಸ್ಟ್–ಸೆಪ್ಟೆಂಬರಿನಲ್ಲಿ ಹೋಗಬೇಕು. ಆಗ ಕಡಲಿಗೆ ಇಳಿಯುವಂತಿಲ್ಲ, ದಂಡೆಯ ಅಂಗಡಿಗಳಲ್ಲಿ ಬಹುಪಾಲು ಮುಚ್ಚಿರುತ್ತವೆ, ಉಪ್ಪಿನ ಮಡಿಗಳು ಮಳೆನೀರಿನಲ್ಲಿ ಮುಳುಗಿರುತ್ತವೆ. ತದಡಿಯಿಂದ ಅಘನಾಶಿನಿ ಊರಿಗೆ ದಾಟುವ ದೋಣಿಯನ್ನು ಹೊಳೆಯ ಅಬ್ಬರ ನೋಡಿ ಬಿಡುತ್ತಾರೆ. ದೋಣಿ ಇಲ್ಲದ ದಿನ ಮಿರ್ಜಾನ ಸುತ್ತಿಕೊಂಡು ಕುಮಟೆಯ ಮೇಲೆ ರಸ್ತೆಯಲ್ಲಿ ಹೋದರೂ ದಾರಿಯುದ್ದಕ್ಕೂ ಗಜನಿ ಕಾಣುತ್ತದೆ.